ಗಿರಾಕಿ ಬರುವ ಮುಂಚೆ: ಮನೆ ಮಾರುವವರ ಪರ ನಿಲ್ಲುವ ಬ್ರೋಕರ್‌ನ ಕೆಲಸ

ಶಿವಮೊಗ್ಗದಲ್ಲಿ ಮನೆ ಮಾರಲು ಹೊರಟವರು ಬ್ರೋಕರ್ ಹತ್ತಿರ ಕೇಳುವ ಮೊದಲ ಮಾತು, "ಒಳ್ಳೆ ಗಿರಾಕಿ ಯಾರಾದ್ರೂ ಇದ್ದಾರಾ?" ಇದ್ದೇ ಇರುತ್ತಾರೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಕೆ ಬೆಳೆಗಾರರು ಮಕ್ಕಳ ಓದಿಗೆಂದು ವಿನೋಬನಗರ, ಗೋಪಾಳ, ಕುವೆಂಪುನಗರದಲ್ಲಿ ಮನೆ ಹುಡುಕುತ್ತಲೇ ಇರುತ್ತಾರೆ. ಬೆಂಗಳೂರಿನಲ್ಲಿ ನೌಕರಿ ಮುಗಿಸಿದವರು ಊರ ಕಡೆ ಮುಖ ಮಾಡುತ್ತಾರೆ. ಗಿರಾಕಿ ಸಿಕ್ಕು, ಮಾತು ಮುಗಿದು, ಅಡ್ವಾನ್ಸ್ ಕೈಸೇರಿದ ಮೇಲೂ ವ್ಯಾಪಾರ ಮುರಿಯುತ್ತದಲ್ಲ, ಅದು ಹೆಚ್ಚಾಗಿ ಮುರಿಯುವುದು ಬ್ಯಾಂಕಿನ ವಕೀಲರ ಮೇಜಿನ ಮೇಲೆ. ಮಾರುವವರ ಪರ ನಿಂತ ಬ್ರೋಕರ್ ಆ ವಕೀಲರು ಕೇಳುವ ಪ್ರಶ್ನೆಗಳನ್ನು ಎರಡು ತಿಂಗಳು ಮುಂಚೆಯೇ ತಾನು ಕೇಳಿರಬೇಕು. ಕಮಿಷನ್ ಕೊಡುವುದು ಬಹುಪಾಲು ಅದಕ್ಕೇ.

ಅಡಕೆ ಮಂಡಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂಟೆ ಬಂದಕೂಡಲೇ ಯಾರೂ ಬೆಲೆ ಕೂಗುವುದಿಲ್ಲ. ರಾಶಿಯೋ, ಬೆಟ್ಟೆಯೋ, ಗೊರಬಲೋ ಎಂದು ವಿಂಗಡಣೆಯಾಗಿ, ತೂಕವಾಗಿ ಆಮೇಲೆ ವ್ಯಾಪಾರ. ಮನೆಯ ವಿಷಯದಲ್ಲಿ ಮಾತ್ರ ಮೊದಲು ಬೆಲೆ ಕೂಗಿ, ಗಿರಾಕಿಯನ್ನು ಒಳಗೆ ಕೂರಿಸಿ, ಆಮೇಲೆ ಬೀರುವಿನಲ್ಲಿ ಪತ್ರ ಹುಡುಕುತ್ತೇವೆ.

ಅದಕ್ಕೂ ಮುಂಚೆ ಒಂದು ವಿಷಯ ಖಚಿತವಾಗಬೇಕು: ಈ ಬ್ರೋಕರ್ ಯಾರ ಪರ? ನಮ್ಮಲ್ಲಿ ಒಬ್ಬರೇ ಎರಡೂ ಕಡೆ ಓಡಾಡಿ ಎರಡೂ ಕಡೆ ಕಮಿಷನ್ ತೆಗೆದುಕೊಳ್ಳುವುದು ರೂಢಿ. ತಪ್ಪೆಂದೇನಲ್ಲ, ಆದರೆ ಅದು ಇಬ್ಬರಿಗೂ ಗೊತ್ತಿರಬೇಕು. ಮಾರುವವರ ಪರ ಎಂದು ಒಪ್ಪಿಕೊಂಡವರು ಮನೆಯವರ ಕೊನೇ ಬೆಲೆಯನ್ನು, ಅವರಿಗೆ ಹಣದ ತುರ್ತು ಇದೆಯೆಂಬುದನ್ನು ಕೊಳ್ಳುವವರ ಕಿವಿಗೆ ಹಾಕುವಂತಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 215 ಮತ್ತು 216ನೇ ಕಲಂಗಳು ಇನ್ನೂ ಮುಂದೆ ಹೋಗುತ್ತವೆ. ಏಜೆಂಟ್ ಆದವನು ಮಾಲೀಕರಿಗೆ ತಿಳಿಸದೆ ಅದೇ ವ್ಯವಹಾರದಲ್ಲಿ ತನ್ನ ಸ್ವಂತ ಲಾಭಕ್ಕೆ ಕೈಹಾಕಿದರೆ, ಅವನಿಗೆ ದಕ್ಕಿದ ಲಾಭವನ್ನು ಮಾಲೀಕರು ಕೇಳಬಹುದು. ವಿಷಯ ಮುಚ್ಚಿಟ್ಟದ್ದು ಗೊತ್ತಾದರೆ ವ್ಯವಹಾರವನ್ನೇ ತಿರಸ್ಕರಿಸಬಹುದು. "ನನ್ನ ಕೈಗೆ 50 ಲಕ್ಷ ಬರಲಿ, ಮೇಲಿನದ್ದು ನಿಮ್ದೇ" ಎನ್ನುವ ಮಾಲೀಕರು ಈ ರಕ್ಷಣೆಯನ್ನು ತಾವೇ ಬಿಟ್ಟುಕೊಡುತ್ತಾರೆ. ಆ ಮಾತು ಬಾಯಿಂದ ಹೊರಬಿದ್ದ ದಿನದಿಂದ ಬ್ರೋಕರ್ ಮನೆಯವರ ಪರವೂ ಅಲ್ಲ, ಕೊಳ್ಳುವವರ ಪರವೂ ಅಲ್ಲ, ತನ್ನ ಪರ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಇದೆಯಾ ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. 2016ರ ರೇರಾ ಕಾಯ್ದೆಯ 9ನೇ ಕಲಂ ಏಜೆಂಟರಿಗೆ ನೋಂದಣಿ ಕಡ್ಡಾಯ ಮಾಡಿರುವುದು ರೇರಾ ಅಡಿ ನೋಂದಾಯಿತವಾದ ಯೋಜನೆಗಳ ಸೈಟು, ಫ್ಲ್ಯಾಟುಗಳನ್ನು ಮಾರಿಸುವುದಕ್ಕೆ. ಇಪ್ಪತ್ತು ವರ್ಷದ ಹಳೇ ಮನೆಯನ್ನು ಮಾಲೀಕರಿಂದ ನೇರವಾಗಿ ಮಾರಿಸುವುದಕ್ಕೆ ಅದು ಬೇಕಿಲ್ಲ. ಇದ್ದರೆ ಒಳ್ಳೆಯದೇ, ಇಲ್ಲದಿದ್ದರೆ ಮೋಸಗಾರ ಎಂದೇನೂ ಅಲ್ಲ.

ಇನ್ನು ಪತ್ರಗಳು. ಕ್ರಯಪತ್ರ, ಅದರ ಹಿಂದಿನ ಮೂಲಪತ್ರಗಳು, ಇ-ಖಾತಾ (ಕಂದಾಯ ದಾಖಲೆಯ ಡಿಜಿಟಲ್ ರೂಪ), ಈ ಸಾಲಿನ ಕಂದಾಯ ರಸೀದಿ, ಕಟ್ಟಡದ ಪರವಾನಗಿ ಮತ್ತು ನಕ್ಷೆ, ಮೆಸ್ಕಾಂ ಬಿಲ್ಲು, ನೀರಿನ ಬಿಲ್ಲು, ಜೊತೆಗೆ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. ಬ್ಯಾಂಕಿನವರು ಸಾಮಾನ್ಯವಾಗಿ 30 ವರ್ಷದ ಸರಪಳಿ ಕೇಳುತ್ತಾರೆ. 2004ರ ಏಪ್ರಿಲ್‌ನಿಂದ ಈಚಿನ ಇಸಿ ನೋಂದಣಿ ಇಲಾಖೆಯ ಜಾಲತಾಣವಾದ ಕಾವೇರಿಯಲ್ಲಿ ಆನ್‌ಲೈನ್ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಕೈಬರಹದ ಪುಸ್ತಕ ತೆಗೆಸಬೇಕು, ಹಾಗಾಗಿ ದಿನ ಹಿಡಿಯುತ್ತದೆ. ನಮೂನೆ 15 ಬಂದರೆ ಆ ಅವಧಿಯಲ್ಲಿ ವ್ಯವಹಾರಗಳಿವೆ ಎಂದು, 16 ಬಂದರೆ ಏನೂ ಇಲ್ಲ ಎಂದು. ನಮೂನೆ 16 ಕಂಡ ಕೂಡಲೇ ಖುಷಿಪಡಬಾರದು: ಆಸ್ತಿಯ ನಂಬರು ತಪ್ಪಾಗಿ ಹಾಕಿ ಹುಡುಕಿದರೂ ಬರುವುದು 16ನೇ ನಮೂನೆಯೇ. ಮಾಲೀಕರು ಕೊಂಡ ಕ್ರಯಪತ್ರವೇ ಆ ಅವಧಿಯ ಇಸಿಯಲ್ಲಿ ಕಾಣದಿದ್ದರೆ ಹುಡುಕಿದ ರೀತಿಯೇ ತಪ್ಪಿದೆ ಎಂದರ್ಥ.

ಕ್ರಯಪತ್ರ ಕೈಗೆ ಬಂದಮೇಲೆ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ ವಿವರ ಓದಬೇಕು. 1985ರ ಪತ್ರದಲ್ಲಿ "ಪೂರ್ವಕ್ಕೆ ಇಂಥವರ ಮನೆ" ಎಂದಿರುತ್ತದೆ, ಆ ಮನೆ ಈಗ ಎರಡು ಕೈ ಬದಲಾಗಿರುತ್ತದೆ. ಅದು ದೊಡ್ಡ ತೊಡಕಲ್ಲ, ಹೊಸ ಪತ್ರದಲ್ಲಿ "ಹಿಂದೆ ಇಂಥವರದು, ಈಗ ಇಂಥವರದು" ಎಂದು ಬರೆಸಿದರೆ ಆಯಿತು. ಅಳತೆ ತಪ್ಪಿದ್ದರೆ ತೊಡಕು. ಪತ್ರದಲ್ಲಿ 30×50, ಖಾತೆಯಲ್ಲಿ 30×48, ನೆಲದ ಮೇಲೆ ಟೇಪು ಹಿಡಿದರೆ 29 ಅಡಿ ಚಿಲ್ಲರೆ. ಬ್ರೋಕರ್ ಆದವರು ಮೊದಲ ದಿನವೇ ಟೇಪು ಹಿಡಿಯಬೇಕು. ಕೊಳ್ಳುವವರ ಇಂಜಿನಿಯರ್ ಹಿಡಿಯುವವರೆಗೆ ಕಾದರೆ, ಕಡಿಮೆಯಾದ ಎರಡಡಿಗೆ ಅವರು ಎರಡು ಲಕ್ಷ ಇಳಿಸಲು ಕೂರುತ್ತಾರೆ. ಹೆಸರಿನ ಗೋಜಲೂ ಹೀಗೆಯೇ: ಪತ್ರದಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಪಾನ್ ಕಾರ್ಡಿನಲ್ಲಿ ಊರ ಹೆಸರು ಸೇರಿ ಉದ್ದವಾಗಿ. ಹೆಸರಿನದಕ್ಕೆ ಅಫಿಡವಿಟ್ ಸಾಕಾಗಬಹುದು. ಪತ್ರದಲ್ಲೇ ಅಳತೆಯೋ ಸೈಟು ನಂಬರೋ ತಪ್ಪಿದ್ದರೆ ತಿದ್ದುಪಡಿ ಪತ್ರ ಬೇಕು, ಅದಕ್ಕೆ ಹಿಂದೆ ಮಾರಿದವರೇ ಬಂದು ಸಹಿ ಹಾಕಬೇಕು. ಅವರು ತೀರಿಕೊಂಡಿದ್ದರೆ ಅವರ ವಾರಸುದಾರರನ್ನು ಹುಡುಕಿಕೊಂಡು ಹೋಗಬೇಕು. ಮೂಲಪತ್ರವೇ ಕಳೆದಿದ್ದರೆ ಪೊಲೀಸ್ ದೂರು, ಪತ್ರಿಕೆಯಲ್ಲಿ ಪ್ರಕಟಣೆ, ನೋಂದಣಿ ಕಚೇರಿಯಿಂದ ದೃಢೀಕೃತ ನಕಲು. ಇದನ್ನೆಲ್ಲ ಗಿರಾಕಿಯ ಎದುರು ಕೂತು ಮಾಡಲಾಗುವುದಿಲ್ಲ.

ನಮ್ಮೂರಿನಲ್ಲಿ ವ್ಯಾಪಾರ ಅತಿ ಹೆಚ್ಚು ಕೆಡುವ ಜಾಗ ವಾರಸುದಾರಿಕೆ. ಅಪ್ಪ ದುಡಿದು ಕಟ್ಟಿದ ಮನೆ, ಅಪ್ಪ ಇಲ್ಲ, ಪೌತಿ ಖಾತೆ ಅಮ್ಮನ ಹೆಸರಿಗೆ ಆಗಿದೆ, ಮಕ್ಕಳು ಬೆಂಗಳೂರಿನಲ್ಲಿ, ಒಬ್ಬ ಮಗಳು ಹೊರದೇಶದಲ್ಲಿ. "ಖಾತೆ ಅಮ್ಮನ ಹೆಸರಲ್ಲೇ ಇದೆ, ಅಮ್ಮ ಸಹಿ ಹಾಕ್ತಾರೆ" ಎನ್ನುತ್ತಾರೆ. ಖಾತೆ ಕಂದಾಯ ಕಟ್ಟುವವರ ದಾಖಲೆ, ಹಕ್ಕಿನ ದಾಖಲೆಯಲ್ಲ. ಹಿಂದೂ ಕುಟುಂಬದಲ್ಲಿ ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಮನೆಗೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಂದೆಯ ತಾಯಿ ಬದುಕಿದ್ದರೆ ಅವರೂ ಸಮಾನ ಹಕ್ಕುದಾರರು. ಪಿತ್ರಾರ್ಜಿತವಾದರೆ 2005ರ ಸೆಪ್ಟೆಂಬರ್ 9ರಿಂದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರಿಸಿದೆ: ಬದುಕಿರಬೇಕಿಲ್ಲ. ಮದುವೆಯ ಹೊತ್ತಿಗೆ ಬಂಗಾರ ಕೊಟ್ಟಿದ್ದೇವೆ ಎಂಬ ಮಾತು ವಕೀಲರ ಮುಂದೆ ನಡೆಯುವುದಿಲ್ಲ.

ಹಾಗಾಗಿ ಮೊದಲ ಭೇಟಿಯಲ್ಲೇ ವಂಶವೃಕ್ಷ ಕೇಳಬೇಕು. ಕಾಗದದ ವಂಶವೃಕ್ಷ ನಾಡಕಚೇರಿಯಿಂದ ಬರಲಿ, ಅದಕ್ಕೂ ಮುಂಚೆ ಬಾಯಿಮಾತಿನ ವಂಶವೃಕ್ಷ ಬರೆದುಕೊಳ್ಳಬೇಕು. ಎಷ್ಟು ಜನ ಮಕ್ಕಳು, ಯಾರು ತೀರಿಕೊಂಡಿದ್ದಾರೆ, ಅವರ ಮಕ್ಕಳು ಎಲ್ಲಿ, ಯಾರಾದರೂ ಅಪ್ರಾಪ್ತರಿದ್ದಾರೆಯೇ. ಅಪ್ರಾಪ್ತರ ಹೆಸರಿನಲ್ಲಿ ಬಂದ ಪಾಲನ್ನು ಮಾರಲು ನ್ಯಾಯಾಲಯದ ಅನುಮತಿ ಬೇಕಾಗುತ್ತದೆ, ಅದು ತಿಂಗಳುಗಳ ಬಾಬ್ತು. ಉಳಿದವರಿಗೆ ಎರಡು ದಾರಿ: ಎಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕುವುದು, ಇಲ್ಲವೇ ಒಬ್ಬರ ಹೆಸರಿಗೆ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಮಾಡಿ, ಖಾತೆ ಬದಲಾಯಿಸಿ, ಆಮೇಲೆ ಮಾರುವುದು. ಹೊರದೇಶದಲ್ಲಿರುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಜಿಪಿಎ, ಅಂದರೆ ತಮ್ಮ ಪರ ಸಹಿ ಹಾಕುವ ಅಧಿಕಾರಪತ್ರ, ದೃಢೀಕರಿಸಿ ಕಳಿಸಬಹುದು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಎಷ್ಟೋ ಸಲ ಕೊರಿಯರ್ ಕವರು ದೇವರಮನೆಯಲ್ಲೇ ಆ ಮೂರು ತಿಂಗಳು ಕಳೆದಿರುತ್ತದೆ. ಮುಂದೆ ತಕರಾರು ತೆಗೆಯಬಹುದಾದವರು ಯಾರೆಂದು ಮನೆಯವರಿಗೆ ಗೊತ್ತೇ ಇರುತ್ತದೆ, ಹೇಳಲು ಸಂಕೋಚ. ಆ ಸಂಕೋಚ ಬಿಡಿಸುವುದೂ ಬ್ರೋಕರ್ ಕೆಲಸವೇ. ಕಾಫಿ ಎರಡು ಸಲ ಆಗಬೇಕಾಗುತ್ತದೆ, ಅಷ್ಟೆ.

ಈಗ ಇ-ಖಾತಾ ಇಲ್ಲದೆ ಕಾವೇರಿಯಲ್ಲಿ ಮನೆಯ ನೋಂದಣಿ ಮುಂದಕ್ಕೆ ಹೋಗುವುದಿಲ್ಲ. ಅದನ್ನು ಕೊಡುವ ತಂತ್ರಾಂಶ ಮಹಾನಗರಪಾಲಿಕೆ, ಪುರಸಭೆ ವ್ಯಾಪ್ತಿಯಲ್ಲಿ ಇ-ಆಸ್ತಿ, ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತು. ಪಂಚಾಯಿತಿ ಮನೆಯಾದರೆ ನಮೂನೆ 9 ಮತ್ತು 11ಎ ಇರಬೇಕು. ನಿಯಮಬದ್ಧವಲ್ಲದ ಆಸ್ತಿಗೆ ಕೊಡುವ 11ಬಿ ಇದ್ದರೆ ಬೆಲೆಯೂ ಬೇರೆ, ಸಾಲ ಕೊಡುವ ಬ್ಯಾಂಕೂ ಕಡಿಮೆ. ಪಟ್ಟಣದಲ್ಲಿ ಬಿ ಖಾತಾ ಎಂದರೂ ಹಾಗೆಯೇ. ಇದನ್ನು ಜಾಹೀರಾತಿನಲ್ಲೇ ಹೇಳಿಬಿಡುವುದು ಒಳ್ಳೆಯದು, ಎ ಖಾತಾ ಬೆಲೆ ಕೇಳಿ ಬಂದವರು ಆಮೇಲೆ ಉಳಿಯುವುದಿಲ್ಲ.

ಸೂಡಾ (ಶಿವಮೊಗ್ಗ ನಗರಾಭಿವೃದ್ಧಿ ಪ್ರಾಧಿಕಾರ) ಅಥವಾ ಗೃಹಮಂಡಳಿ ಸೈಟಿನ ಮನೆಯಾದರೆ ಹಂಚಿಕೆ ಪತ್ರ, ಸ್ವಾಧೀನ ಪತ್ರಗಳ ಜೊತೆ ಶುದ್ಧ ಕ್ರಯಪತ್ರ ಆಗಿದೆಯೇ ನೋಡಬೇಕು. ಎಷ್ಟೋ ಮನೆಗಳಲ್ಲಿ ಮೊದಲು ಗುತ್ತಿಗೆ, ಅವಧಿ ಮುಗಿದ ಮೇಲೆ ಕ್ರಯ ಎನ್ನುವ ಲೀಸ್ ಕಮ್ ಸೇಲ್ ಪತ್ರವೇ ಕೊನೆಯ ಕಾಗದ. ಅವಧಿ ಮುಗಿದು ಹದಿನೈದು ವರ್ಷವಾಗಿದ್ದರೂ ಶುದ್ಧ ಕ್ರಯ ಮಾಡಿಸಿಕೊಂಡಿರುವುದಿಲ್ಲ. ಮೊದಲು ಅದು, ಆಮೇಲೆ ಮಾರಾಟ. ಆಶ್ರಯ ಮನೆ, ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡದ್ದನ್ನು ಸಕ್ರಮ ಮಾಡಿ ಕೊಟ್ಟ 94ಸಿ ಅಥವಾ 94ಸಿಸಿ ಹಕ್ಕುಪತ್ರದ ಮನೆಗಳಲ್ಲಿ ಪರಭಾರೆ ಮಾಡಬಾರದೆಂಬ ಷರತ್ತು ಇರುತ್ತದೆ. ಹಕ್ಕುಪತ್ರದ ಹಿಂಬದಿಯನ್ನೂ ಓದಬೇಕು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನಲ್ಲಿ ಎದ್ದ ಬಡಾವಣೆಯಾದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. 2023ರ ತಿದ್ದುಪಡಿಯ ನಂತರ ಹಳೇ ಪ್ರಕರಣ ಎಂದು ಅದನ್ನು ಹಗುರವಾಗಿ ಪಕ್ಕಕ್ಕೆ ಸರಿಸುವಂತಿಲ್ಲ.

ಘಟ್ಟದ ಕಡೆ ಹೋದಂತೆ ಲೆಕ್ಕ ಇನ್ನೂ ಬೇರೆ. ತೋಟದ ನಡುವಿನ ಮನೆ ಎಷ್ಟೇ ಚೆಂದವಿರಲಿ, ಅದು ಕೃಷಿ ಸರ್ವೆ ನಂಬರಿನಲ್ಲಿದ್ದು ಭೂಪರಿವರ್ತನೆ ಆಗದಿದ್ದರೆ ಗೃಹಸಾಲ ಸಿಗುವುದು ಕಷ್ಟ. ಪಹಣಿಯ ಒಂದು ಭಾಗ ಮಾತ್ರ ಮಾರುವುದಾದರೆ ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ ಬೇಕು. ಪಹಣಿಯಲ್ಲಿ ಸಹಕಾರ ಸಂಘದ ಬೆಳೆಸಾಲದ ಬೋಜಾ (ಸಾಲದ ನಮೂದು) ಕೂತಿರುತ್ತದೆ. ಸಾಲ ತೀರಿಸಿದ್ದರೂ ಬೋಜಾ ಇಳಿಸಿರುವುದಿಲ್ಲ, ಅದಕ್ಕೆ ಸಂಘದಿಂದ ಋಣಮುಕ್ತ ಪತ್ರ ತಂದು ಅರ್ಜಿ ಕೊಡಬೇಕು. ಸೊಪ್ಪಿನಬೆಟ್ಟ, ಕಾನು, ಅರಣ್ಯ ಎಂದು ನಮೂದಾದ ನಂಬರಿಗೆ ಮನೆಯೋ ಕೊಟ್ಟಿಗೆಯೋ ಅರ್ಧ ಚಾಚಿಕೊಂಡಿದ್ದರೆ ಆ ಅರ್ಧ ಮಾರಾಟಕ್ಕೆ ಬರುವುದಿಲ್ಲ. ಲಿಂಗನಮಕ್ಕಿಯಲ್ಲಿ ಮುಳುಗಡೆಯಾಗಿ ಎದ್ದುಬಂದ ಕುಟುಂಬಗಳ ಎಷ್ಟೋ ಜಮೀನುಗಳಿಗೆ ಇಂದಿಗೂ ದಾಖಲೆ ನೇರವಾಗಿಲ್ಲ. ಅರವತ್ತು ವರ್ಷ ಬಾಳಿದ ಮನೆ ಎಂಬುದು ನ್ಯಾಯದ ಮಾತು. ನೋಂದಣಿ ಕಚೇರಿಯ ಕಂಪ್ಯೂಟರಿಗೆ ಅದು ಅರ್ಥವಾಗುವುದಿಲ್ಲ. ಅಂಥ ಆಸ್ತಿಯನ್ನು "ಮಾಡಿಸಿಕೊಡ್ತೀನಿ" ಎಂದು ಕೈಗೆತ್ತಿಕೊಳ್ಳುವ ಬ್ರೋಕರ್‌ನಿಂದ ದೂರವಿರುವುದೇ ಕ್ಷೇಮ.

ಇಷ್ಟು ಆದಮೇಲೆ ಬೆಲೆ. ಪಕ್ಕದ ಮನೆ ಎಷ್ಟಕ್ಕೆ ಹೋಯಿತೆಂಬ ಸುದ್ದಿ ಬೆಲೆಯಲ್ಲ. ಮಾರಿದವರು ಹೆಚ್ಚು ಹೇಳುತ್ತಾರೆ, ಕೊಂಡವರು ಕಡಿಮೆ ಹೇಳುತ್ತಾರೆ. ಸೈಟು ಮತ್ತು ಕಟ್ಟಡವನ್ನು ಬೇರೆಬೇರೆ ಕಟ್ಟಿ ನೋಡಬೇಕು. ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳಿ: 30×40ರ ಸೈಟು, ಚದರಡಿಗೆ 3,500 ರೂಪಾಯಿಯಂತೆ 1,200 ಚದರಡಿಗೆ 42 ಲಕ್ಷ. ಅದರ ಮೇಲೆ 10 ಚದರದ (ಚದರಕ್ಕೆ 100 ಚದರಡಿ) ಮನೆ, ಇವತ್ತು ಹೊಸದಾಗಿ ಕಟ್ಟಿದರೆ ಚದರಕ್ಕೆ 2 ಲಕ್ಷದಂತೆ 20 ಲಕ್ಷ. ಮನೆಗೆ 20 ವರ್ಷ ಆಗಿದೆ. ಆರ್‌ಸಿಸಿ ಕಟ್ಟಡದ ಆಯುಷ್ಯ 60 ವರ್ಷ, ಕೊನೆಗೆ ಉಳಿಯುವ ಮೌಲ್ಯ ಶೇ 10 ಎಂದು ಹಿಡಿದರೆ ವರ್ಷಕ್ಕೆ ಶೇ 1.5ರಂತೆ ಶೇ 30 ಸವಕಳಿ. ಕಟ್ಟಡಕ್ಕೆ ಉಳಿಯುವುದು 14 ಲಕ್ಷ. ಒಟ್ಟು 56 ಲಕ್ಷ. ಬ್ಯಾಂಕಿನ ಮೌಲ್ಯಮಾಪಕರೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಬರುತ್ತಾರೆ, ಹಾಗಾಗಿ ಇದಕ್ಕಿಂತ ತೀರಾ ಮೇಲೆ ಹೋದ ಬೆಲೆಗೆ ಸಾಲ ಹುಟ್ಟುವುದಿಲ್ಲ. ಮೂಲೆ ಸೈಟು, ಪೂರ್ವದ ಬಾಗಿಲು, ಕಾರು ನಿಲ್ಲಿಸುವ ಜಾಗ, 30 ಅಡಿ ರಸ್ತೆ, ಇವು ಮೇಲಕ್ಕೆ ಎಳೆಯುತ್ತವೆ. ಮನೆಯವರು ಪ್ರೀತಿಯಿಂದ ಹಾಕಿಸಿದ ಬೀಟೆ ಬಾಗಿಲಿಗೂ ಗ್ರಾನೈಟ್ ಕಟ್ಟೆಗೂ ಅವರು ಎಣಿಸಿದಷ್ಟು ಬೆಲೆ ಬರುವುದಿಲ್ಲ. ಇದನ್ನು ಅವರಿಗೆ ಹೇಳುವಾಗ ಮೆಲ್ಲಗೆ ಹೇಳಬೇಕು.

ಹೊರಗೆ ಹೇಳುವ ಬೆಲೆ ನಿಜವಾದ ಬೆಲೆಗಿಂತ ಶೇ 5ರಿಂದ 7 ಮೇಲಿದ್ದರೆ ಸಾಕು. ಶೇ 20 ಮೇಲಿಟ್ಟರೆ ಚೌಕಾಸಿ ಮಾಡಬೇಕಾದವರು ಮನೆ ನೋಡಲೂ ಬರುವುದಿಲ್ಲ. ಆರು ತಿಂಗಳು ಹಾಗೇ ಉಳಿದ ಮನೆಗೆ "ಏನೋ ತೊಂದ್ರೆ ಇರ್ಬೇಕು" ಎಂಬ ಹೆಸರು ಅಂಟುತ್ತದೆ. ಹತ್ತು ಬ್ರೋಕರ್‌ಗಳಿಗೆ ಒಟ್ಟಿಗೆ ಹೇಳಿದರೂ ಇದೇ ಫಲ: ಒಂದೇ ಮನೆ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ 58, ಇನ್ನೊಂದರಲ್ಲಿ 62, ಮತ್ತೊಂದರಲ್ಲಿ 55. ಕೊಳ್ಳುವವರು 55ರಿಂದ ಕೆಳಕ್ಕೆ ಮಾತು ಶುರುಮಾಡುತ್ತಾರೆ. ಒಬ್ಬರಿಗೇ 90 ದಿನಕ್ಕೆ ಬರವಣಿಗೆಯಲ್ಲಿ ಒಪ್ಪಿಸಿ, ಅವರು ಬೇಕಿದ್ದರೆ ಉಳಿದವರನ್ನು ಸೇರಿಸಿಕೊಳ್ಳಲಿ. ಗುಟ್ಟು ಬೇಕೆನ್ನುವ ಮನೆಗಳಿಗೂ ಇದೇ ಸರಿ. "ಮನೆ ಮಾರ್ತಿದ್ದಾರಂತೆ, ಸಾಲ ಆಗಿರ್ಬೇಕು" ಎಂಬ ಮಾತು ಬೀದಿಯ ಕೊನೆ ಮುಟ್ಟಲು ಒಂದು ಬೋರ್ಡು ಸಾಕು.

ಮಲೆನಾಡಿನ ಮನೆಯನ್ನು ಯಾವಾಗ ತೋರಿಸಬೇಕು? ಇಲ್ಲಿ ಮನೆಗೆ ಎರಡು ಪರೀಕ್ಷೆ: ಜುಲೈಯಲ್ಲಿ ಛಾವಣಿ, ಏಪ್ರಿಲ್‌ನಲ್ಲಿ ಬಾವಿ. ತಿಳಿದ ಗಿರಾಕಿ ಎರಡನ್ನೂ ಕೇಳುತ್ತಾರೆ. ಬೇಸಿಗೆಯಲ್ಲಿ ಬಣ್ಣ ಬಳಿದು ತೇವದ ಕಲೆ ಮುಚ್ಚಿದರೆ ಮಳೆಗಾಲದ ಹೊತ್ತಿಗೆ, ಅಡ್ವಾನ್ಸ್ ಕೊಟ್ಟು ಸಾಲಕ್ಕೆ ಕಾಯುತ್ತಿರುವಾಗ, ಅದೇ ಜಾಗದಲ್ಲಿ ಬೂಷ್ಟು ಏಳುತ್ತದೆ. ಮುಚ್ಚುವುದಕ್ಕಿಂತ ಸರಿಮಾಡಿಸುವುದು ಅಗ್ಗ. ನೀರು ಇಳಿಯುವುದು ಹೆಚ್ಚಾಗಿ ತಾರಸಿ ಮತ್ತು ಪ್ಯಾರಪೆಟ್ ಗೋಡೆ ಕೂಡುವ ಮೂಲೆಯಿಂದ, ಕಿಟಕಿ ಮೇಲಿನ ಸಜ್ಜಾದ ಸಂದಿನಿಂದ, ಮಳೆನೀರಿನ ಪೈಪು ಕಸ ಕಟ್ಟಿ ತಾರಸಿಯಲ್ಲಿ ನೀರು ನಿಲ್ಲುವುದರಿಂದ. ಹೆಂಚಿನ ಮನೆಯಾದರೆ ಒಡೆದ ಹೆಂಚು ಬದಲಿಸಿ, ರೀಪು ಪಕಾಸುಗಳಿಗೆ ಗೆದ್ದಲು ಹತ್ತಿದೆಯೇ ಚೂಪಾದ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಬೇಕು. ತಾರಸಿ ಮೇಲೆ ಹಾಕಿಸಿದ ತಗಡಿನ ಮಾಡು ನಮ್ಮ ಕಡೆ ಸಾಮಾನ್ಯ, ಅದನ್ನು ಎರಡನೇ ಮಹಡಿ ಎಂಬಂತೆ ಚದರಡಿ ಲೆಕ್ಕಕ್ಕೆ ಸೇರಿಸಬಾರದು.

ಮುಚ್ಚಿಡುವುದು ಕಾನೂನಿಗೂ ವಿರುದ್ಧ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ ಮುಖ್ಯ ದೋಷ ಮಾಲೀಕರಿಗೆ ಗೊತ್ತಿದ್ದರೆ ಹೇಳಲೇಬೇಕು. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿದಾಗ ನೀರು ನುಗ್ಗಿದ ತಗ್ಗಿನ ಬೀದಿಯ ಮನೆಯಾದರೆ, ಎಷ್ಟು ಅಡಿ ಬಂದಿತ್ತೆಂದು ಮೊದಲೇ ಹೇಳಿಬಿಡಬೇಕು. ಹೇಗೂ ಎದುರು ಮನೆಯವರು ಹೇಳುತ್ತಾರೆ.

ಗಿರಾಕಿ ಬಂದಾಗ ಬ್ರೋಕರ್ ಕೇಳಬೇಕಾದ್ದು ದುಡ್ಡಿನ ಮೂಲ. ಅಡಕೆ ಹಣವಾದರೆ ಮಾರಾಟ ಆಗಿದೆಯೋ, ಇನ್ನೂ ಮನೆಯ ಅಟ್ಟದಲ್ಲಿದೆಯೋ? ದರ ಏರಲಿ ಎಂದು ಕಾಯುತ್ತಿರುವವರ ಅಡ್ವಾನ್ಸ್ ಬೇಗ ಬರುತ್ತದೆ, ಬಾಕಿ ನಿಧಾನ. ಸಾಲವಾದರೆ ಲೆಕ್ಕ ಅಲ್ಲೇ ಹಾಕಿಬಿಡಬೇಕು. ರಿಸರ್ವ್ ಬ್ಯಾಂಕಿನ ಮಿತಿಯಂತೆ 30 ಲಕ್ಷದವರೆಗಿನ ಗೃಹಸಾಲ ಆಸ್ತಿಮೌಲ್ಯದ ಶೇ 90ರವರೆಗೆ, 30ರಿಂದ 75 ಲಕ್ಷದವರೆಗಿನದು ಶೇ 80, ಅದಕ್ಕೂ ಮೇಲಿನದು ಶೇ 75. 56 ಲಕ್ಷದ ಮನೆಗೆ ಹೆಚ್ಚೆಂದರೆ 44.8 ಲಕ್ಷ. ಉಳಿದ 11.2 ಲಕ್ಷ ಕೈಯಿಂದ. ಅದರ ಮೇಲೆ ನೋಂದಣಿ ಖರ್ಚು: ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ಸು ಮತ್ತು ನಗರದ ಸರ್‌ಚಾರ್ಜ್ ಸೇರಿ 5.6, ಜೊತೆಗೆ ನೋಂದಣಿ ಶುಲ್ಕ. ಇದು 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆಗಿದೆ. ಒಟ್ಟು ಶೇ 7.6, ಅಂದರೆ 4,25,600 ರೂಪಾಯಿ. ಹೀಗೆ ಹದಿನೈದೂವರೆ ಲಕ್ಷ ಕೈಯಲ್ಲಿಲ್ಲದವರು ಮನೆ ಎಷ್ಟು ಮೆಚ್ಚಿದರೂ ಉಪಯೋಗವಿಲ್ಲ. ಬ್ಯಾಂಕಿನವರು ಮನೆಯನ್ನು 50 ಲಕ್ಷಕ್ಕೆ ಕಟ್ಟಿದರೆ ಸಾಲ 40ಕ್ಕೆ ಇಳಿಯುತ್ತದೆ, ಇನ್ನೂ 4.8 ಲಕ್ಷ ಹೊಂದಿಸಬೇಕು. ಕೊನೇ ವಾರದಲ್ಲಿ "ಸ್ವಲ್ಪ ಕಡಿಮೆ ಮಾಡ್ಕೊಳ್ಳಿ" ಎಂಬ ಮಾತು ಹುಟ್ಟುವುದು ಇಲ್ಲಿಂದಲೇ.

ಚೌಕಾಸಿಯಲ್ಲಿ ಬ್ರೋಕರ್‌ಗೆ ಎದುರಾಗುವ ಪ್ರಶ್ನೆ ಒಂದೇ: "ಲಾಸ್ಟ್ ಎಷ್ಟಕ್ಕೆ ಕೊಡ್ತಾರೆ ಹೇಳಿ ಅಣ್ಣಾ." ಮಾರುವವರ ಪರ ಇರುವವರು ಇದಕ್ಕೆ ಸಂಖ್ಯೆಯಲ್ಲಿ ಉತ್ತರಿಸಬಾರದು. "ನೀವು ಎಷ್ಟು ಕೊಡ್ತೀರಿ, ಎಷ್ಟು ದಿನದಲ್ಲಿ ಕೊಡ್ತೀರಿ ಹೇಳಿ, ಮನೆಯವರ ಮುಂದಿಡ್ತೀನಿ." ದಿನದ ಪ್ರಶ್ನೆ ಮುಖ್ಯ. 56ಕ್ಕೆ ಆರು ತಿಂಗಳು ಕೇಳುವವರಿಗಿಂತ 54ಕ್ಕೆ ನಲವತ್ತೈದು ದಿನದಲ್ಲಿ ಮುಗಿಸುವವರು ವಾಸಿ. ಬಂದ ಪ್ರತಿ ಬೆಲೆಯನ್ನೂ ಮಾಲೀಕರಿಗೆ ತಿಳಿಸಬೇಕು, "ಅದು ಕಡಿಮೆ ಅಂತ ನಾನೇ ಬೇಡ ಅಂದೆ" ಎನ್ನುವ ಅಧಿಕಾರ ಬ್ರೋಕರ್‌ಗಿಲ್ಲ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಮಾತುಕತೆ ನಡೆದರೂ ಕರಾರು ಆಗುವುದು ಕಡಿಮೆ. ಆ ದಿನಗಳನ್ನು ಪತ್ರ ಸರಿಮಾಡಿಕೊಳ್ಳಲು ಬಳಸಿಕೊಳ್ಳಬಹುದು.

ಪತ್ರದಲ್ಲಿ ಕಡಿಮೆ ತೋರಿಸಿ ಉಳಿದದ್ದು ನಗದು ಎಂಬ ಪ್ರಸ್ತಾಪ ಇವತ್ತಿಗೂ ಬರುತ್ತದೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ಮುಂಗಡವನ್ನು ನಗದಾಗಿ ಪಡೆದರೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು, ಅದು ಬೀಳುವುದು ಮಾರುವವರ ಮೇಲೆ. ಪತ್ರದ ಬೆಲೆ ಕಡಿಮೆಯಾದರೆ ಕೊಳ್ಳುವವರ ಸಾಲವೂ ಕಡಿಮೆಯಾಗುತ್ತದೆ. ಸರ್ಕಾರದ ಮಾರ್ಗಸೂಚಿ ಬೆಲೆಗಿಂತ ಕೆಳಗೆ ತೋರಿಸಿದರೂ ಮುದ್ರಾಂಕ ಶುಲ್ಕ ಮಾರ್ಗಸೂಚಿ ಬೆಲೆಗೇ. ಇದಕ್ಕೆ ದಾರಿ ತೋರಿಸುವುದು ಬ್ರೋಕರ್ ಕೆಲಸವಲ್ಲ.

ಕರಾರು ಪತ್ರಕ್ಕೆ ಎಲ್ಲ ಹಕ್ಕುದಾರರ ಸಹಿ ಇರಬೇಕು, "ತಮ್ಮ ಆಮೇಲೆ ಬಂದು ಹಾಕ್ತಾನೆ" ಎಂದರೆ ಕರಾರು ಆಮೇಲೆಯೇ ಆಗಲಿ. ಮುಂಗಡ ಸುಮಾರು ಶೇ 10, ಚೆಕ್ ಅಥವಾ ಆರ್‌ಟಿಜಿಎಸ್. ಅವಧಿ 60ರಿಂದ 90 ದಿನ. ಸಾಲ ಮಂಜೂರಾಗದಿದ್ದರೆ ಮುಂಗಡ ಏನಾಗುತ್ತದೆ, ಕೊಳ್ಳುವವರು ಮನಸ್ಸು ಬದಲಿಸಿದರೆ ಎಷ್ಟು ಹಿಡಿದುಕೊಳ್ಳಬಹುದು, ಮಾರುವವರು ಹಿಂದೆ ಸರಿದರೆ ಎಷ್ಟು ಕೊಡಬೇಕು, ಬಾಡಿಗೆದಾರರಿದ್ದರೆ ಯಾವ ದಿನ ಖಾಲಿ, ಫ್ಯಾನು, ಗೀಸರು, ಸೋಲಾರ್, ಇನ್ವರ್ಟರ್ ಯಾರಿಗೆ, ಎಲ್ಲವೂ ಬರವಣಿಗೆಯಲ್ಲಿ. ಸೋಲಾರ್ ಬಗ್ಗೆ ಜಗಳ ಆಗುವುದಿಲ್ಲ ಎಂದು ತಿಳಿಯಬೇಡಿ. ಪೂರ್ತಿ ಹಣ ಬರುವ ಮುಂಚೆ ಕೀಲಿಕೈ ಕೊಡಲೇಬಾರದು. ಸ್ವಾಧೀನ ಕೊಟ್ಟ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ಅದಕ್ಕಿಂತ ದೊಡ್ಡ ಫಜೀತಿ, ಒಳಗೆ ಸೇರಿಕೊಂಡವರನ್ನು ಹೊರಡಿಸುವುದು.

ಮನೆಯ ಮೇಲೆ ಮಾರುವವರದೇ ಸಾಲ ಇದ್ದರೆ ಕರಾರಿನ ಹೊತ್ತಿಗೇ ಬ್ಯಾಂಕಿನಿಂದ ಬಾಕಿ ಪತ್ರ ಮತ್ತು ಅವರ ಬಳಿಯಿರುವ ದಾಖಲೆಗಳ ಪಟ್ಟಿ ತರಿಸಬೇಕು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲಪತ್ರ ಹಿಂದಿರುಗಿಸಬೇಕು, ತಮ್ಮಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಡಿಸೆಂಬರ್ 1ರಿಂದ ನಿಯಮ ಮಾಡಿದೆ. ಆದರೂ ಆ 30 ದಿನವನ್ನು ಕರಾರಿನ ಅವಧಿಯಲ್ಲಿ ಸೇರಿಸಿಯೇ ಲೆಕ್ಕ ಹಾಕುವುದು ಜಾಣತನ.

ತೆರಿಗೆಯ ಮಾತು ಆಡಿಟರದ್ದು, ಆದರೆ ಎರಡು ವಿಷಯ ಬ್ರೋಕರ್ ಬಾಯಲ್ಲಿರಬೇಕು. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರು ಶೇ 1 ಟಿಡಿಎಸ್ ಹಿಡಿದು ಕಟ್ಟಬೇಕು. 56 ಲಕ್ಷಕ್ಕೆ 56,000. ಅದು ಬೆಲೆಯ ಒಳಗಿಂದಲೇ ಹೋಗುವುದೆಂದು ಮಾರುವವರಿಗೆ ಮೊದಲೇ ಹೇಳದಿದ್ದರೆ ನೋಂದಣಿ ದಿನ ಮುಖ ಕೆಡುತ್ತದೆ. ಹಕ್ಕುದಾರರಲ್ಲಿ ಒಬ್ಬರು ಅನಿವಾಸಿಯಾದರೆ ಅವರ ಪಾಲಿಗೆ ಈ ಶೇ 1 ಅನ್ವಯಿಸುವುದಿಲ್ಲ, ಅದಕ್ಕಿಂತ ಬಹಳ ಹೆಚ್ಚು ಹಿಡಿಯಬೇಕಾಗುತ್ತದೆ, 50 ಲಕ್ಷದ ಮಿತಿಯೂ ಇಲ್ಲ. ಕಡಿಮೆ ಹಿಡಿಯಲು ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಬಹುದು, ಆದರೆ ಅದಕ್ಕೆ ವಾರಗಳು ಬೇಕು. ಕರಾರಾದ ಮರುದಿನವೇ ಅರ್ಜಿ ಹೋಗಬೇಕು.

ಕಮಿಷನ್‌ಗೆ ಕಾನೂನು ಕಟ್ಟಿದ ದರವಿಲ್ಲ. ರೂಢಿಯಲ್ಲಿ ಒಂದು ಕಡೆಯಿಂದ ಶೇ 1ರಿಂದ 2. ಎಷ್ಟು, ಯಾವಾಗ, ವ್ಯಾಪಾರ ಮುರಿದರೆ ಏನು ಎಂಬುದನ್ನು ಮೊದಲ ದಿನ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕರಾರಿನ ದಿನ ಕಾಲು ಭಾಗ, ನೋಂದಣಿಯ ದಿನ ಮುಕ್ಕಾಲು ಎಂಬ ಏರ್ಪಾಡು ಎರಡೂ ಕಡೆಗೆ ಸರಿ ಕಾಣುತ್ತದೆ. ಕರಾರಿನ ದಿನವೇ ಪೂರ್ತಿ ಕೊಟ್ಟುಬಿಟ್ಟರೆ ಮುಂದಿನ ಎರಡು ತಿಂಗಳ ಓಡಾಟಕ್ಕೆ ಫೋನು ಎತ್ತುವವರು ಯಾರು?

ನೋಂದಣಿಯ ಕೆಲಸ ಈಗ ಮುಂಚಿನಷ್ಟು ಗೋಳಲ್ಲ. ಪತ್ರ ಬರಹಗಾರರು ಕರಡನ್ನು ಕಾವೇರಿಗೆ ಏರಿಸುತ್ತಾರೆ, ಉಪನೋಂದಣಾಧಿಕಾರಿ ಕಚೇರಿ ಪರಿಶೀಲಿಸುತ್ತದೆ, ಶುಲ್ಕ ಕಟ್ಟಿ ಸಮಯ ಗೊತ್ತುಮಾಡಿಕೊಂಡು ಹೋಗಿ ಫೋಟೊ, ಹೆಬ್ಬೆಟ್ಟು ಕೊಟ್ಟು ಬರುವುದು. ವಯಸ್ಸಾದವರ ಬೆರಳಚ್ಚು ಯಂತ್ರಕ್ಕೆ ಹಿಡಿಯದೆ ತಡವಾಗುವುದುಂಟು, ಬೆಳಗಿನ ಸಮಯವನ್ನೇ ಕೇಳಿ. ಕರಡಿನ ಶೆಡ್ಯೂಲನ್ನು, ಅಂದರೆ ಆಸ್ತಿಯ ವಿವರವನ್ನು, ಇ-ಖಾತಾ ಪಕ್ಕದಲ್ಲಿಟ್ಟುಕೊಂಡು ಇಬ್ಬರು ಗಟ್ಟಿಯಾಗಿ ಓದಬೇಕು, ಒಬ್ಬರು ಕರಡು, ಇನ್ನೊಬ್ಬರು ಖಾತಾ. ಡಿಡಿ ಅಥವಾ ಆರ್‌ಟಿಜಿಎಸ್ ಹಣ ಖಾತೆಗೆ ಬಂದದ್ದು ಖಚಿತವಾದ ಮೇಲೆ ಸಹಿ.

ಸಹಿಯಾದ ಸಂಜೆ ಮನೆಗೆ ಹೋಗಿ ಮೆಸ್ಕಾಂ ಮೀಟರಿನ ರೀಡಿಂಗ್ ಫೋಟೊ ತೆಗೆದುಕೊಳ್ಳಬೇಕು, ನೀರಿನ ಮೀಟರಿದ್ದರೆ ಅದರದೂ. ಆ ದಿನದವರೆಗಿನ ಬಿಲ್ಲು, ಕಂದಾಯ ಮಾರಿದವರದು. ಮೂಲಪತ್ರಗಳ ಪಟ್ಟಿ ಎರಡು ಪ್ರತಿ ಬರೆದು ಎರಡಕ್ಕೂ ಸಹಿ ಹಾಕಿಸಿ ಒಂದೊಂದು ಕೊಡಬೇಕು. ಸಾಲದ ಮನೆಯಾದರೆ ಪತ್ರ ಹೋಗುವುದು ಕೊಳ್ಳುವವರ ಬ್ಯಾಂಕಿಗೆ, ಪಟ್ಟಿ ಅಲ್ಲೂ ಬೇಕು. ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರಿನ ಹೆಸರು ಬದಲಾವಣೆಗೆ ಮಾರಿದವರ ಒಪ್ಪಿಗೆ ಪತ್ರವನ್ನು ಅಲ್ಲೇ ಬರೆಸಿಕೊಳ್ಳಿ, ಆಮೇಲೆ ಅವರು ಬೆಂಗಳೂರಿಗೆ ಹೊರಟುಹೋಗಿರುತ್ತಾರೆ. ಹಿತ್ತಿಲ ಬಾಗಿಲು, ನೀರಿನ ಟ್ಯಾಂಕು, ಗೇಟಿನ ಬೀಗಗಳ ಕೀಲಿಕೈ ಎಣಿಸಿ ಕೊಡಿ.